ಕೆಮ್ಮು, ನೀರು, ಬಿಸಿಲು: ನಾಲ್ಕು ತಾಲೂಕುಗಳ ಸಂಶೋಧನೆ ಯಾರ ಮನೆ ಬಾಗಿಲಿಗೆ ಬಂತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲಾವಾರು ಪಟ್ಟಿ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಉಂಟು. ದಕ್ಷಿಣ ಕನ್ನಡ ಎಷ್ಟನೇದು, ಉಡುಪಿ ಎಷ್ಟನೇದು ಎಂದು ನೋಡಿ ಪೇಪರ್ ಮಡಚಿಡುತ್ತೇವೆ. ಅದೇ ಪಟ್ಟಿಯಲ್ಲಿ ಶಿರಸಿ, ಚಿಕ್ಕೋಡಿಗಳ ಹಾಗೆ ಮಧುಗಿರಿ ಎಂಬ ಹೆಸರೂ ಬೇರೆಯಾಗಿ ಇರುತ್ತದೆ. ಮಧುಗಿರಿ ಕಂದಾಯ ಜಿಲ್ಲೆ ಅಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಮಾಡಿಕೊಂಡ ಶೈಕ್ಷಣಿಕ ಜಿಲ್ಲೆ ಅದು.

ಕರಾವಳಿಯ ನಮಗೂ ಆ ಒಣ ಸೀಮೆಗೂ ಎಂತ ಸಂಬಂಧ ಮಾರಾಯ್ರೆ ಎಂದು ಕೇಳಬಹುದು. ಶಿರಾದ ಮಲಿಕ್ ರಿಹಾನ್ ದರ್ಗಾ, ಮೊಗಲರ ಕಾಲದ ಜುಮ್ಮಾ ಮಸೀದಿ ನೋಡಿ ಬಂದವರು ನಮ್ಮಲ್ಲಿ ಕೆಲವರಾದರೂ ಇದ್ದಾರೆ. ಇಂದಿನ ವಿಷಯ ಮಾತ್ರ ಅದಲ್ಲ. ನಮ್ಮ ಮಕ್ಕಳು ಈಗ ಎಂ.ಬಿ.ಬಿ.ಎಸ್., ಸೈಕಾಲಜಿ, ಬಿ.ಎಡ್., ಎಂ.ಬಿ.ಎ. ಎಂದು ಓದುತ್ತಿದ್ದಾರೆ. ಕೆಲವರು ಪಿಎಚ್.ಡಿ. ಬಾಗಿಲಿಗೂ ಹೋಗಿದ್ದಾರೆ. "ಸಂಶೋಧನೆ ಮಾಡಿ ಎಂತ ಸಿಗುತ್ತದೆ? ಅಂಗಡಿ ನೋಡಿಕೊಂಡರೆ ಸಾಲದಾ?" ಎಂದು ಕೇಳುವ ಉಪ್ಪಂದಿರೂ ಇದ್ದಾರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಈ ನಾಲ್ಕು ತಾಲೂಕುಗಳ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆರೋಗ್ಯ, ಮನಸ್ಸು, ಶಿಕ್ಷಣ, ವ್ಯವಹಾರ ಈ ನಾಲ್ಕೂ ವಿಷಯದ ಅಧ್ಯಯನಗಳಿಗೆ ಅಲ್ಲಿ ಮತ್ತು ಅದರ ಸುತ್ತಮುತ್ತ ಉದಾಹರಣೆ ಉಂಟು. ಕೆಲವು ಅಧ್ಯಯನಗಳು ದೇಶದ ನೀತಿಯನ್ನೇ ಬದಲಿಸಿದವು. ಕೆಲವು ಕಪಾಟು ಸೇರಿದವು. ಎರಡರ ನಡುವಿನ ವ್ಯತ್ಯಾಸ ತಿಳಿದುಕೊಂಡರೆ ನಮಗೇ ಒಳ್ಳೆಯದು.

ಕೆಮ್ಮಿದವನು ಆಸ್ಪತ್ರೆಗೆ ಹೋಗಿದ್ದ

ಮೊದಲು ಕ್ಷಯದ ಕಥೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಆ ಸಂಸ್ಥೆ ಕೈಗೆತ್ತಿಕೊಂಡ ಮೊದಮೊದಲ ಕೆಲಸಗಳಲ್ಲಿ ತುಮಕೂರು ಜಿಲ್ಲೆಯ ಸಮೀಕ್ಷೆಯೂ ಒಂದು. 1960-61ರಲ್ಲಿ ಹಳ್ಳಿ ಹಳ್ಳಿಗೆ ಎಕ್ಸ್-ರೇ ಯಂತ್ರ ಹೋಯಿತು, ಕಫ ಪರೀಕ್ಷೆ ಆಯಿತು, ಎಷ್ಟು ಜನರಿಗೆ ಕ್ಷಯ ಇದೆ ಎಂದು ಲೆಕ್ಕ ಹಾಕಲಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಅದೊಂದು ಅಂಕಿ-ಅಂಶದ ಪುಸ್ತಕವಾಗಿ ಉಳಿಯುತ್ತಿತ್ತು. ಆದರೆ ಸಂಸ್ಥೆಯಲ್ಲಿದ್ದ ಡಾ. ದೇಬಬ್ರತ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಇನ್ನೊಂದು ಪ್ರಶ್ನೆ ಎತ್ತಿದರು. ಬ್ಯಾನರ್ಜಿ ವೈದ್ಯರೂ ಹೌದು, ಸಮಾಜವನ್ನು ಓದಿದವರೂ ಹೌದು. ಅವರ ಪ್ರಶ್ನೆ ಸರಳ: ಈ ರೋಗಿಗೆ ತನಗೆ ಏನೋ ಆಗಿದೆ ಎಂದು ಗೊತ್ತಿತ್ತಾ? ಗೊತ್ತಿದ್ದರೆ ಅವನು ಎಂತ ಮಾಡಿದ?

ಆ ಕಾಲದಲ್ಲಿ ದೊಡ್ಡವರೆಲ್ಲ ನಂಬಿದ್ದು ಬೇರೆ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಸುಮ್ಮನಿರುತ್ತಾರೆ, ಅವರನ್ನು ಗಾಡಿ ಕಳಿಸಿ ಹುಡುಕಿ ಹಿಡಿಯಬೇಕು ಎಂಬುದು ಅವರ ಲೆಕ್ಕ. ಮನೆ ಮನೆಗೆ ಹೋಗಿ ಕೂತು ಕೇಳಿದಾಗ ಸಿಕ್ಕ ಉತ್ತರ ಈ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ತೊಂದರೆಯ ಅರಿವಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಮಿಕ್ಸ್‌ಚರ್. ಕಫ ಪರೀಕ್ಷೆ ಮಾಡುವವರು ಇರಲಿಲ್ಲ.

ಅಂದರೆ ತಪ್ಪು ರೋಗಿಯದಲ್ಲ, ವ್ಯವಸ್ಥೆಯದು. ಈ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತಳಹದಿಯಲ್ಲಿ ಇದೇ ತಿಳಿವಳಿಕೆ ಇತ್ತು. ಕ್ಷಯಕ್ಕೆಂದು ಪ್ರತ್ಯೇಕ ದೊಡ್ಡ ಆಸ್ಪತ್ರೆ ಕಟ್ಟುವುದಕ್ಕಿಂತ, ಜನ ತಾವಾಗಿಯೇ ಹೋಗುವ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡಿ, ಮದ್ದು ಕೊಡಿ ಎಂಬ ದಾರಿ. ಅದಕ್ಕೂ ಮೊದಲು, 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನ, ಮನೆಯಲ್ಲೇ ಇದ್ದು ಮದ್ದು ತಿಂದರೂ ಸ್ಯಾನಟೋರಿಯಂನಲ್ಲಿ ಇದ್ದಷ್ಟೇ ಗುಣವಾಗುತ್ತದೆ ಎಂದು ತೋರಿಸಿತ್ತು. ಈ ಎರಡೂ ಸೇರಿ ಬಡವನಿಗೆ ಕ್ಷಯದ ಚಿಕಿತ್ಸೆ ಕೈಗೆಟುಕುವ ಹಾಗೆ ಮಾಡಿದವು.

ಇಂದು ಎರಡು ವಾರ ಬಿಡದೆ ಕೆಮ್ಮಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಕಫ ಪರೀಕ್ಷೆ ಉಂಟು, ಮದ್ದೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ನಮ್ಮಲ್ಲಿ ಈಗಲೂ ಕ್ಷಯ ಎಂದರೆ ಬಾಯಿ ಮುಚ್ಚಿಕೊಳ್ಳುವವರಿದ್ದಾರೆ. ಹೆಣ್ಣು ನೋಡಲು ಬರುವವರಿಗೆ ಗೊತ್ತಾದೀತು ಎಂಬ ಭಯ. ತುಮಕೂರಿನ ಹಳ್ಳಿಯವರು 60 ವರ್ಷದ ಹಿಂದೆಯೇ ನಾಚಿಕೆ ಬಿಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು ಎಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕು.

ಕುದಿಸಿದರೆ ಹೋಗದ ವಿಷ

ಎರಡನೆಯದು ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಪಾವಗಡದಲ್ಲಿ 600 ಮಿ.ಮೀ. ಕೂಡ ಆಗುವುದಿಲ್ಲ. ಬಹುಪಾಲು ಆಂಧ್ರದಿಂದ ಸುತ್ತುವರಿದ ಆ ತಾಲೂಕಿನಲ್ಲಿ ಕೆರೆ ಬತ್ತಿದ ಮೇಲೆ ಜನ ಕೊಳವೆಬಾವಿ ಕೊರೆದರು. ನೀರು ಕೆಳಗೆ ಹೋದ ಹಾಗೆ ಇನ್ನೂ ಆಳಕ್ಕೆ ಕೊರೆದರು. ಆಳದ ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಬಂಡೆಯಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಪಾವಗಡ ಮಾತ್ರವಲ್ಲ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಅಂತರ್ಜಲದಲ್ಲೂ ಇದೇ ತೊಂದರೆ ಕಾಣಿಸಿದೆ.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲವೆಂದಾದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ಮೊದಲು ಹಲ್ಲಿನ ಮೇಲೆ ಬಿಳಿ ಚುಕ್ಕೆ, ಆಮೇಲೆ ಕಂದು ಕಲೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಜೀವಮಾನವಿಡೀ ಹಲ್ಲಿನ ಮೇಲೆ ಉಳಿಯುತ್ತದೆ. ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದಲ್ಲಿ.

ಇಲ್ಲಿ ಮನೆಯ ಹೆಂಗಸರಿಗೆ ಒಂದು ಮುಖ್ಯ ಮಾತು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಸಾಧಾರಣ ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ತೆಗೆಯುವುದಿಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆಲಂ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ 'ನಲ್ಗೊಂಡ ವಿಧಾನ'ವನ್ನು ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಕಂಡುಹಿಡಿದರು. ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದಿವೆ. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆ, ಹೇಮಾವತಿ ನೀರು ಶಿರಾ ಕೆರೆಗೆ ಹರಿಸುವ ಕೆಲಸ ಇವೆಲ್ಲದರ ಹಿಂದೆ ಇದೇ ನೋವು ಉಂಟು.

ಫ್ಲೋರೈಡ್ ಒಂದೇ ವಿಷಯವನ್ನು ಎಷ್ಟು ವಿಭಾಗದವರು ಓದಬಹುದು ನೋಡಿ. ಭೂವಿಜ್ಞಾನಿಗೆ ಅದು ಬಂಡೆಯ ಪ್ರಶ್ನೆ. ದಂತವೈದ್ಯರಿಗೆ ಹಲ್ಲಿನ ಪ್ರಶ್ನೆ. ಮನಶ್ಶಾಸ್ತ್ರ ಓದಿದವರಿಗೆ, ಕಲೆಯಾದ ಹಲ್ಲಿಟ್ಟುಕೊಂಡು ನಗಲು ನಾಚುವ ಹದಿಹರೆಯದ ಹುಡುಗಿಯ ಆತ್ಮವಿಶ್ವಾಸದ ಪ್ರಶ್ನೆ. ಟೀಚರಿಗೆ, ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವ ಮಗುವಿನ ಪ್ರಶ್ನೆ. ಎಂ.ಬಿ.ಎ. ಓದಿದವನಿಗೆ, ನೀರಿನ ಘಟಕ ಕೆಟ್ಟರೆ ರಿಪೇರಿ ಮಾಡುವವರು ಯಾರು, ಫಿಲ್ಟರ್ ಬದಲಿಸುವ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ. ಇವರು ಒಬ್ಬರನ್ನೊಬ್ಬರು ಭೇಟಿಯೇ ಆಗದಿದ್ದರೆ ಐದು ಥೀಸಿಸ್ ಆಗುತ್ತವೆ, ಒಂದು ಹಳ್ಳಿಗೂ ಒಳ್ಳೆಯ ನೀರು ಬರುವುದಿಲ್ಲ.

ಮನಸ್ಸಿನ ಮದ್ದು ತಾಲೂಕಿಗೆ ಬಂದದ್ದು

ಮೂರನೆಯದು ಮನಸ್ಸು. ಬೆಂಗಳೂರಿನ ನಿಮ್ಹಾನ್ಸ್ ಎಂದರೆ ದೊಡ್ಡ ಆಸ್ಪತ್ರೆ ಎಂದಷ್ಟೇ ನಮಗೆ ಗೊತ್ತು. ಅವರು ಹಳ್ಳಿಗೆ ಹೋಗಿ ಮಾಡಿದ ಕೆಲಸ ಇನ್ನೂ ದೊಡ್ಡದು. 1970ರ ದಶಕದಲ್ಲೇ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಶುರು ಮಾಡಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿದರು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಗೆ ತಾಲೂಕಿನಲ್ಲೇ ಚಿಕಿತ್ಸೆ ಸಾಧ್ಯ ಎಂದು ಅಲ್ಲಿ ತೋರಿತು. ಇದೇ 'ಬಳ್ಳಾರಿ ಮಾದರಿ' 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಮುಂದೆ 2005ರ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, ಆಮೇಲೆ ತುಮಕೂರು ಜಿಲ್ಲೆಯದೇ ಆದ ತುರುವೇಕೆರೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಮನೆ ಮನೆಗೆ ಹೋಗಿ ಗುರುತಿಸಿ, ಅವರಿರುವ ಕಡೆಯೇ ಮದ್ದು ಸಿಗುವ ಹಾಗೆ ಮಾಡಿ, ವರ್ಷಗಟ್ಟಲೆ ಅವರ ಬದುಕನ್ನು ಗಮನಿಸಿದರು. ಮದ್ದು ಪಡೆಯುತ್ತಿದ್ದವರ ದಿನನಿತ್ಯದ ಬದುಕು ಸುಧಾರಿಸಿತು. ಮದ್ದಿಲ್ಲದೆ ಉಳಿದವರಿಗೆ ಆ ಸುಧಾರಣೆ ಕಾಣಲಿಲ್ಲ. ಸ್ನಾನ ಮಾಡುವುದು, ಕೆಲಸಕ್ಕೆ ಹೋಗುವುದು, ಮನೆಯವರ ಜೊತೆ ಮಾತಾಡುವುದು ಇವನ್ನೇ ಅಲ್ಲಿ ಅಳೆದದ್ದು. ಹಳ್ಳಿಯಲ್ಲಿ ಎಲ್ಲ ಸರಿಹೋಗುತ್ತದೆ, ಮದ್ದು ಯಾಕೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ತುರುವೇಕೆರೆ ನಾವು ಹೇಳುತ್ತಿರುವ ನಾಲ್ಕು ತಾಲೂಕಿನೊಳಗೆ ಬರುವುದಿಲ್ಲ. ಆದರೆ ಅಲ್ಲಿ ಕಲಿತ ಪಾಠ ಎಲ್ಲ ತಾಲೂಕಿಗೂ ಒಂದೇ. ಈಗ ರಾಜ್ಯದ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮ ಉಂಟು. 14416 ನಂಬರಿಗೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಕೌನ್ಸೆಲಿಂಗ್ ಸಿಗುತ್ತದೆ, ಕನ್ನಡದಲ್ಲೇ. ನಮ್ಮ ಮನೆಗಳಲ್ಲಿ ಹೆರಿಗೆಯಾದ ಹುಡುಗಿ ಸುಮ್ಮನೆ ಕೂತು ಅತ್ತರೆ, ಗಲ್ಫ್‌ನಿಂದ ವಾಪಸು ಬಂದ ಹುಡುಗ ಕೋಣೆ ಬಿಟ್ಟು ಹೊರಗೆ ಬರದಿದ್ದರೆ ಏನೇನೋ ಹೇಳುತ್ತೇವೆ. ದುಆ ಮಾಡುವುದು ನಮ್ಮ ಕರ್ತವ್ಯ, ವೈದ್ಯರನ್ನು ಕಾಣುವುದೂ ಕರ್ತವ್ಯ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಮನೆಮಾತು ಒಂದು, ಶಾಲೆಮಾತು ಇನ್ನೊಂದು

ನಾಲ್ಕನೆಯದು ಶಿಕ್ಷಣ. ಪಾವಗಡದ ಹಲವು ಹಳ್ಳಿಗಳಲ್ಲಿ ಮಕ್ಕಳ ಮನೆಮಾತು ತೆಲುಗು. ಶಿರಾದ ಮುಸ್ಲಿಂ ಮನೆಗಳಲ್ಲಿ ಉರ್ದು. ಶಾಲೆಯಲ್ಲಿ ಮಾತ್ರ ಕನ್ನಡ, ಆಮೇಲೆ ಇಂಗ್ಲಿಷ್. ಬ್ಯಾರಿ ಮಾತಾಡುವ ನಮ್ಮ ಮಕ್ಕಳ ಕಥೆಯೂ ಇದೇ ಅಲ್ಲವಾ? ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಮದ್ರಸದಲ್ಲಿ ಅರಬಿ.

ಮಗು ತನಗೆ ಗೊತ್ತಿರುವ ಭಾಷೆಯಲ್ಲಿ ಕಲಿಯಲು ಶುರು ಮಾಡಿದರೆ ಬೇಗ ಕಲಿಯುತ್ತದೆ ಎಂದು ಯುನೆಸ್ಕೊ 1953ರಲ್ಲೇ ಹೇಳಿದೆ. ಆದರೂ ಒಂದನೇ ತರಗತಿಯ ಮಗು ಸುಮ್ಮನಿದ್ದರೆ 'ದಡ್ಡ' ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ. ಆ ಮಗುವಿಗೆ ವಿಷಯ ಗೊತ್ತಿಲ್ಲವೋ, ಭಾಷೆ ಗೊತ್ತಿಲ್ಲವೋ ಎಂದು ಬಿಡಿಸಿ ನೋಡುವುದೇ ಶಿಕ್ಷಣ ಸಂಶೋಧನೆಯ ಕೆಲಸ. ನಮ್ಮ ರಾಜ್ಯದ 'ನಲಿ-ಕಲಿ' ಹೀಗೆ ಬಂದದ್ದು. ಆಂಧ್ರದ ಋಷಿ ವ್ಯಾಲಿಯ ಸಣ್ಣ ಶಾಲೆಗಳಲ್ಲಿ ಮಕ್ಕಳು ಕಾರ್ಡು, ಆಟಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದುದನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ಅದನ್ನು ತಮ್ಮ ಶಾಲೆಯಲ್ಲಿ ಶುರು ಮಾಡಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ವಿದೇಶದಿಂದ ಬಂದ ಪ್ರೊಫೆಸರ್ ಇರಲಿಲ್ಲ, ಹಳ್ಳಿ ಮೇಷ್ಟ್ರುಗಳೇ ಸಂಶೋಧಕರು.

ಆ ನಾಲ್ಕು ತಾಲೂಕುಗಳ ಪದವಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರೆಯಾಗಿ 2004ರಲ್ಲಿ ಅದು ಸ್ಥಾಪನೆಯಾಯಿತು. ಹತ್ತಿರದಲ್ಲೊಂದು ವಿಶ್ವವಿದ್ಯಾನಿಲಯ ಇದ್ದರೆ ಆಗುವ ದೊಡ್ಡ ಲಾಭ ಇದೇ. ಪಾವಗಡದ ಹುಡುಗಿ ಪಾವಗಡದ ಶಾಲೆಯ ಬಗ್ಗೆಯೇ ಥೀಸಿಸ್ ಬರೆಯಬಹುದು. ತೆಲುಗು ಮನೆಮಾತಿನ ಮಗು ತರಗತಿಯಲ್ಲಿ ಯಾಕೆ ಸುಮ್ಮನಿದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಿಸಿಲು ಮಾರಿದವರ ಲೆಕ್ಕ

ಇನ್ನು ವ್ಯವಹಾರ. ನಮ್ಮವರಿಗೆ ಇಷ್ಟದ ವಿಷಯ! ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ದೇಶದ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದಿದೆ. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಯಲ್ಲಿ ಕೆಲಸ ಪೂರ್ತಿಯಾಯಿತು.

ಇಲ್ಲಿ ಹೊಸದಾಗಿ ಮಾಡಿದ್ದು ಎಂತ ಎಂದರೆ, ರೈತರ ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬರ ಬಂದು ಕೈಸುಟ್ಟುಕೊಂಡ ರೈತನಿಗೆ ಇದು ದೊಡ್ಡ ನೆಮ್ಮದಿ. ಭೂಮಿ ಅವನ ಹೆಸರಿನಲ್ಲೇ ಉಳಿಯಿತು, ದುಡ್ಡೂ ಬಂತು.

ಆದರೆ ವ್ಯಾಪಾರಿಯ ಕಣ್ಣಿನಿಂದ ಲೆಕ್ಕ ಹಾಕೋಣ. ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಸುಮಾರು ಎರಡೂವರೆ. ಪೇಟೆಯ ಬೆಲೆ ವರ್ಷಕ್ಕೆ ಶೇ. 5ರಂತೆ ಏರುತ್ತದೆ ಎಂದು ಇಟ್ಟುಕೊಳ್ಳಿ. 25ನೇ ವರ್ಷಕ್ಕೆ ಬರುವಾಗ ಗುತ್ತಿಗೆ ಹಣ ಸುಮಾರು 37,700 ಆಗಿರುತ್ತದೆ. ಮೊದಲ ವರ್ಷ 21,000ಕ್ಕೆ ಸಿಗುತ್ತಿದ್ದ ಸಾಮಾನಿಗೆ ಆಗ ಸುಮಾರು 67,700 ಬೇಕು. ಅಂದರೆ ಕಾಗದದಲ್ಲಿ ಬಾಡಿಗೆ ಏರಿದೆ, ಚೀಲದಲ್ಲಿ ಅರ್ಧಕ್ಕಿಳಿದಿದೆ. ಕಟ್ಟಡ ಬಾಡಿಗೆಗೆ ಕೊಟ್ಟ ನಮ್ಮ ಮನೆಗಳವರೂ ಈ ಲೆಕ್ಕವನ್ನು ತಮ್ಮ ಅಗ್ರಿಮೆಂಟ್ ಪಕ್ಕ ಇಟ್ಟು ನೋಡಬಹುದು.

ಇನ್ನೊಂದು ಪ್ರಶ್ನೆಯೂ ಉಂಟು. ಜಮೀನಿದ್ದವನಿಗೆ ಗುತ್ತಿಗೆ ಹಣ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದ ಕುಟುಂಬಕ್ಕೆ? ಕುರಿ ಮೇಯಿಸುತ್ತಿದ್ದವನಿಗೆ? ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ, ಹಾಗಾಗಿ ಗುತ್ತಿಗೆ ಹಣವೂ ಇಲ್ಲ. ಪಾರ್ಕು ಕಟ್ಟುವಾಗ ಕೆಲಸ ಸಿಕ್ಕಿತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು ಇಂಥ ಕೆಲವೇ ಕೆಲಸ. ಪಾವಗಡದ ಬಗ್ಗೆ ಬರೆದ ಸಂಶೋಧಕರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿದ್ದಾರೆ. ಮೆಗಾವ್ಯಾಟ್ ಎಣಿಸುವುದು ಸುಲಭ. ಯಾರ ಒಲೆ ಆರಿತು ಎಂದು ಎಣಿಸಲು ಹಳ್ಳಿಯಲ್ಲಿ ಕೂತು ಕೇಳುವವರು ಬೇಕು. ಮುಂದೆ ಎಲ್ಲೇ ಸೋಲಾರ್ ಪಾರ್ಕ್ ಬರಲಿ, ಭೂಮಿಯಿಲ್ಲದವರಿಗೂ ಒಂದು ಪಾಲು ಇಡಿ ಎಂದು ವಾದ ಮಾಡಲು ಈ ಅಧ್ಯಯನಗಳೇ ಆಧಾರ.

ನಮ್ಮ ಊರಿನ ಪಾಠ

ಇದೆಲ್ಲ ದೂರದ ಸೀಮೆಯ ಕಥೆ ಎಂದು ತಿಳಿಯಬೇಡಿ. ಎಂಡೋಸಲ್ಫಾನ್ ನೆನಪಿದೆಯಲ್ಲ? ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಮದ್ದು ಸಿಂಪಡಿಸಿದರು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯೂ ಅದೇ ಆಯಿತು. ಪಡ್ರೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ವಿಚಿತ್ರ ಕಾಣುತ್ತಿದೆ ಎಂದು ಗಮನಿಸಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ಪಡ್ರೆಯ ಶಾಲಾ ಮಕ್ಕಳನ್ನು, ಸಿಂಪಡಣೆ ಇಲ್ಲದ ಕಡೆಯ ಶಾಲಾ ಮಕ್ಕಳ ಜೊತೆ ಹೋಲಿಸಿ ನೋಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. ಆ ಹೋಲಿಕೆಯ ಅಂಕಿಗಳು ಇಲ್ಲದಿದ್ದರೆ ನೊಂದ ತಾಯಂದಿರ ಮಾತಿಗೆ ಕೋರ್ಟಿನಲ್ಲಿ ತೂಕ ಬರುವುದು ಕಷ್ಟವಿತ್ತು.

ನಮ್ಮ ಸಮುದಾಯದ ವಿಷಯಕ್ಕೂ ಇದೇ ಮಾತು. ಮುಸ್ಲಿಮರು ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಎಲ್ಲಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಅಂಕಿ ಇಟ್ಟು ಹೇಳಿದ ಮೇಲೆಯೇ ಸ್ಕಾಲರ್‌ಶಿಪ್, ಹಾಸ್ಟೆಲ್‌ಗಳ ಚರ್ಚೆಗೆ ಬಲ ಬಂತು. ಎ. ವಹಾಬ್ ದೊಡ್ಡಮನೆ, ಪ್ರೊ. ಬಿ.ಎಂ. ಇಚ್ಲಂಗೋಡು, ಡಾ. ಸುಶೀಲಾ ಪಿ. ಉಪಾಧ್ಯಾಯ ಇಂಥವರು ನಮ್ಮ ಚರಿತ್ರೆ, ಭಾಷೆಗಳನ್ನು ಕೂತು ಬರೆದಿದ್ದರಿಂದ 'ಬ್ಯಾರಿ ಒಂದು ಭಾಷೆಯಾ?' ಎಂದು ಕೇಳುವವರಿಗೆ ಉತ್ತರ ಕೊಡಲು ಸಾಧ್ಯವಾಯಿತು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬರುವ ಹೊತ್ತಿಗೆ ಆ ನೆಲ ಹದವಾಗಿತ್ತು.

ಆದರೆ ದಾರಿ ಈಗ ಕಿರಿದಾಗುತ್ತಿದೆ ಎಂಬುದೂ ನಿಜ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್‌ಗೆ 2022-23ರಿಂದ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಪಿಎಚ್.ಡಿ. ಎಂದರೆ ನಾಲ್ಕೈದು ವರ್ಷ ದುಡಿಮೆ ಇಲ್ಲದೆ ಕೂರುವುದು. ಬಡ ಮನೆಯ ಹುಡುಗಿ ಯಾವ ಧೈರ್ಯದಲ್ಲಿ ಸೇರಬೇಕು? ಯುಜಿಸಿಯ ಜೆ.ಆರ್.ಎಫ್. ಪರೀಕ್ಷೆ ಇನ್ನೂ ಎಲ್ಲರಿಗೂ ತೆರೆದಿದೆ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ಫೆಲೋಶಿಪ್ ವಿಚಾರಿಸಬೇಕು. ಮದುವೆ ಹಾಲ್‌ಗೆ, ಅಲಂಕಾರಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವ ನಾವು ಜಮಾಅತ್ ಮಟ್ಟದಲ್ಲಿ ವರ್ಷಕ್ಕೆ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಖರ್ಚು ಹೊರಲಾರೆವಾ?

ಸರ್ವೆಯವರು ಮನೆಗೆ ಬಂದರೆ

ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಮಕ್ಕಳು ಪ್ರಶ್ನಾವಳಿ ಹಿಡಿದು ಮನೆಗೆ ಬರುತ್ತಾರೆ. ಕೆಲವೊಮ್ಮೆ ರಕ್ತ ಪರೀಕ್ಷೆಗೂ ಬರುತ್ತಾರೆ. ಹೆದರಿ ಬಾಗಿಲು ಹಾಕುವುದೂ ಬೇಡ, ಕೇಳಿದಲ್ಲೆಲ್ಲ ಸಹಿ ಹಾಕುವುದೂ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಮಾರ್ಗಸೂಚಿ ನಿಮ್ಮ ಪರವಾಗಿಯೇ ಇದೆ.

ಮೊದಲು, ಯಾವ ಸಂಸ್ಥೆ, ಯಾವ ವಿಷಯ, ನೀತಿ ಸಮಿತಿಯ ಒಪ್ಪಿಗೆ ಆಗಿದೆಯಾ ಎಂದು ಕೇಳಿ. ವಿವರದ ಹಾಳೆ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಹಾಳೆಗೆ ಸಹಿ ಹಾಕಬೇಕಾಗಿಲ್ಲ. ಒಪ್ಪಿದ ಮೇಲೂ ಮಧ್ಯದಲ್ಲಿ ಬೇಡ ಎನ್ನಬಹುದು, ಅದಕ್ಕೆ ನಿಮ್ಮ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಮಕ್ಕಳ ವಿಷಯವಾದರೆ ತಂದೆ-ತಾಯಿ ಒಪ್ಪಬೇಕು, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ನಿಮ್ಮ ಹೆಸರು, ರೋಗ ಗುಟ್ಟಾಗಿರಬೇಕು. ಕೊನೆಯದು, ಎಲ್ಲಕ್ಕಿಂತ ಮುಖ್ಯ: "ವರದಿ ಆದ ಮೇಲೆ ನಮಗೆ ಎಂತ ಗೊತ್ತಾಯಿತು ಎಂದು ಹೇಳುತ್ತೀರಾ?" ಎಂದು ಕೇಳಿ. ಬಾವಿಯ ನೀರು ತೆಗೆದುಕೊಂಡು ಹೋದವನು ಅದರಲ್ಲಿ ಏನಿದೆ ಎಂದು ಬಂದು ಹೇಳಬೇಕಲ್ಲವಾ? ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನರಿಗೆ ಅವರ ರೋಗವೇ ತಿಳಿಸದೆ, ಮದ್ದು ಕೊಡದೆ ನೋಡುತ್ತಾ ಕೂತ ಸಂಶೋಧನೆಯೂ ನಡೆದಿತ್ತು. ಈ ನಿಯಮಗಳೆಲ್ಲ ಅಂಥ ಅನ್ಯಾಯಗಳ ಮೇಲೆ ಬಂದವು.

ಮಗಳು ಪಿಎಚ್.ಡಿ. ಮಾಡುತ್ತೇನೆ ಎಂದರೆ

ಮೊದಲು ಅವಳನ್ನು 'ಶೋಧಗಂಗಾ' ಎಂಬ ಜಾಲತಾಣ ತೆರೆದು ನೋಡಲು ಹೇಳಿ. ದೇಶದ ವಿಶ್ವವಿದ್ಯಾನಿಲಯಗಳ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ತನ್ನ ವಿಷಯದ ಮೇಲೆ ಯಾರು ಏನು ಬರೆದಿದ್ದಾರೆ ಎಂದು ತಿಳಿದರೆ ಬರೆದದ್ದನ್ನೇ ಮತ್ತೆ ಬರೆಯುವ ಶ್ರಮ ಉಳಿಯುತ್ತದೆ. ದುಡ್ಡು ಕೊಟ್ಟರೆ ಥೀಸಿಸ್ ಬರೆದು ಕೊಡುತ್ತೇವೆ, ಪೇಪರ್ ಪ್ರಕಟಿಸಿಕೊಡುತ್ತೇವೆ ಎನ್ನುವವರ ಮೆಸೇಜ್ ವಾಟ್ಸಾಪ್‌ಗೆ ಬರುತ್ತದೆ. ಅದರ ಹತ್ತಿರ ಹೋಗಬಾರದು. ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10 ಮೀರಿದರೆ ಥೀಸಿಸ್ ತಿದ್ದಿ ಕೊಡಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದು. ಹಲಾಲ್ ಸಂಪಾದನೆಯ ಬಗ್ಗೆ ಅಷ್ಟು ಮಾತಾಡುವ ನಾವು ಹಲಾಲ್ ಪದವಿಯ ಬಗ್ಗೆಯೂ ಮಾತಾಡಬೇಕು.

ವಿಷಯ ಎಲ್ಲಿಂದ ತರುವುದು ಎಂದು ಕೇಳಿದರೆ, ಅದು ಮನೆ ಅಂಗಳದಲ್ಲೇ ಬಿದ್ದಿದೆ. ಬೀಡಿ ಕಟ್ಟುವ ಹೆಂಗಸರ ಬೆನ್ನು ನೋವು ಆರೋಗ್ಯದ ವಿಷಯ. ಗಂಡ ಗಲ್ಫ್‌ನಲ್ಲಿ, ಹೆಂಡತಿ ಊರಲ್ಲಿ ಇರುವ ಮನೆಯ ಒಂಟಿತನ ಮನಶ್ಶಾಸ್ತ್ರದ ವಿಷಯ. ಬ್ಯಾರಿ ಮಾತಾಡುವ ಮಗುವಿನ ಮೊದಲ ವರ್ಷದ ಶಾಲೆ ಶಿಕ್ಷಣದ ವಿಷಯ. ಮೀನು, ಅಡಿಕೆ, ಜವಳಿ ವ್ಯಾಪಾರದಲ್ಲಿ ಬಾಯಿಮಾತಿನ ನಂಬಿಕೆ ಹೇಗೆ ನಡೆಯುತ್ತದೆ ಎಂಬುದು ವ್ಯವಹಾರ ಶಾಸ್ತ್ರದ ವಿಷಯ. ಇವನ್ನು ಹೊರಗಿನವರು ಬಂದು ಬರೆದರೆ ಒಳ್ಳೆಯದೇ. ಆದರೆ ಉಮ್ಮ ಅವರಿಗೆ ಹೇಳದ ಮಾತನ್ನು ಮಗಳಿಗೆ ಹೇಳುತ್ತಾಳೆ.

ತುಮಕೂರಿನ ಹಳ್ಳಿಯಲ್ಲಿ ಡಾ. ಬ್ಯಾನರ್ಜಿ ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಎಂತ ಆಗುತ್ತಿದೆ, ನೀನು ಎಲ್ಲಿಗೆ ಹೋದೆ? ಆ ಪ್ರಶ್ನೆ ಕೇಳುವ ತಾಳ್ಮೆ ಇರುವ ಒಬ್ಬರು ಪ್ರತಿ ಊರಿನಲ್ಲೂ ಬೇಕು. ಮುಂದಿನ ವರ್ಷ ಫಲಿತಾಂಶದ ಪಟ್ಟಿ ಬಂದಾಗ ಮಧುಗಿರಿ ಎಷ್ಟನೇದು ಎಂದೂ ಒಮ್ಮೆ ನೋಡಿ. ಅದರ ಜೊತೆಗೆ, ನಿಮ್ಮ ಮೊಹಲ್ಲಾದಲ್ಲಿ ಪಿ.ಜಿ. ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗಿ ಯಾರಿದ್ದಾಳೆ ಎಂದು ವಿಚಾರಿಸಿ. ಅವಳಿಗೊಂದು ಅರ್ಜಿ ಫಾರಂ ತಂದು ಕೊಡುವುದು ನಮ್ಮಿಂದ ಆಗುವ ಕೆಲಸ.